ಸಾಯುವ ಹಲಸು ಮೈತುಂಬ ಕಾಯಿ ಬಿಡುತ್ತದೆಯೇ?

ಈ ಸಲ ಆರಿಸಿಕೊಂಡ ಓದುಗರ ಪತ್ರಗಳೆಲ್ಲ ಹಿತ್ತಿಲಿನವೇ: ಹಲಸು, ಬಾಳೆ, ಕೋಳಿ, ನೀರಿನ ತೊಟ್ಟಿ. ಒಂದು ಮಾತ್ರ ದೇಶದ ಗಡಿಯ ಕಡೆಯಿಂದ ಬಂದಿದೆ. ಇನ್ನೊಂದು ಹಿತ್ತಿಲಿಗೂ ಸೇರದ್ದು, ಪಾಠದ ಕೋಣೆಗೂ ಸೇರದ್ದು. ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಪ್ರ: ಮೇಡಂ, ನಮ್ಮ ಹಿತ್ತಿಲಿನ ಹಲಸಿನ ಮರ ಮಾವನವರ ಅಪ್ಪ ನೆಟ್ಟಿದ್ದು. ವರ್ಷಕ್ಕೆ ಮೂವತ್ತು ನಲವತ್ತು ಕಾಯಿ ಬಿಡುತ್ತಿತ್ತು. ಈ ವರ್ಷ ಬುಡದಿಂದ ಕೊಂಬೆಯವರೆಗೆ ನೂರರ ಮೇಲಿದೆ. "ಮರಕ್ಕೆ ಹೋಗೋ ಹೊತ್ತು ಬಂತು, ಅದಕ್ಕೇ ಹೀಗೆ ಬಿಟ್ಟಿದೆ" ಅನ್ನುತ್ತಾರೆ ಅತ್ತೆ. ಹೋಗುವ ಮೊದಲೇ ಕಡಿಸಿ ಮರಮುಟ್ಟು ಮಾಡಿಸೋಣ ಅನ್ನುತ್ತಾರೆ ಇವರು. ಅತ್ತೆ ಹೇಳುವುದು ನಿಜವೇ?
(ಗೃಹಿಣಿ, ತೀರ್ಥಹಳ್ಳಿ ಕಡೆ)

ಉ: ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಹಾಗಂತ ಗರಗಸದವರಿಗೆ ಫೋನನ್ನೂ ಮಾಡಬೇಡಿ.

ನನ್ನ ಮನೆಯದೇ ಒಂದು ಕಥೆ ಇದೆ. ಗೇಟಿನ ಪಕ್ಕ ಒಂದು ಬಕ್ಕೆ ಹಲಸು ಇತ್ತು. ರಸ್ತೆ ಅಗಲ ಮಾಡುವಾಗ ಜೆಸಿಬಿ ಬಂದು ಒಂದು ಮಗ್ಗುಲಿನ ಬೇರನ್ನೆಲ್ಲ ಕಿತ್ತುಕೊಂಡು ಹೋಯಿತು. ಆ ವರ್ಷದ ಬೆಳೆ 38 ಕಾಯಿ. ಮರುವರ್ಷ 112. ಸುಣ್ಣದಲ್ಲಿ ಒಂದೊಂದಕ್ಕೂ ಗುರುತು ಹಾಕಿ ಎಣಿಸಿದವಳು ನಾನೇ, ಬಾಟನಿ ಪಾಠ ಮಾಡಿದವರಿಗೆ ಇಂಥ ಚಟ ಬಿಡುವುದಿಲ್ಲ. ಅದರ ಮುಂದಿನ ವರ್ಷ ತುದಿಕೊಂಬೆ ಒಣಗಲು ಶುರುವಾಯಿತು, ಮೂರನೇ ಮಳೆಗಾಲದ ಕೊನೆಗೆ ಮರ ಇರಲಿಲ್ಲ.

ಮರಕ್ಕೆ ಎಲೆ ದುಡಿದು ತರುವ ಸಕ್ಕರೆಯೇ ಸಂಬಳ. ಖರ್ಚು ಮೂರು ಕಡೆ. ಬೇರು, ಕಾಂಡ, ಎಲೆ ಬೆಳೆಸುವುದು ಒಂದು. ಇದ್ದ ಮೈಯನ್ನು ಕಾಯುವುದು, ರಿಪೇರಿ ಮಾಡುವುದು ಇನ್ನೊಂದು. ಹಣ್ಣು ಕೊಯ್ಯುವಾಗ ಕೈಗೆ ಕೊಬ್ಬರಿ ಎಣ್ಣೆ ಬಳಿದುಕೊಂಡು ನಾವು ಬೈಯುತ್ತೇವಲ್ಲ, ಆ ಮೇಣ ಈ ಕಾವಲಿನ ಬಾಬತ್ತಿನ ಖರ್ಚು. ಮೂರನೆಯದು ಹೂ, ಕಾಯಿ, ಬೀಜ. ಒಂದು ಕಡೆ ಕೈ ಬಿಗಿಮಾಡದೆ ಇನ್ನೊಂದು ಕಡೆ ಧಾರಾಳ ಮಾಡಲು ಬರುವುದಿಲ್ಲ. ಇನ್ನೂ ಐವತ್ತು ವರ್ಷ ಕಾಯಿ ಬಿಡುವ ಮರಕ್ಕೆ ಕಾವಲಿನ ಖರ್ಚು ಮಾಡುವುದು ಲಾಭ. ನಾಳೆಯೇ ಇಲ್ಲದ ಮರಕ್ಕೆ ಉಳಿತಾಯದಿಂದ ಏನು ಪ್ರಯೋಜನ? ಇದ್ದುದನ್ನೆಲ್ಲ ಬೀಜಕ್ಕೆ ಸುರಿದರೆ ಮರ ಹೋದರೂ ವಂಶ ಉಳಿದೀತು. ಜಾರ್ಜ್ ವಿಲಿಯಮ್ಸ್ ಎಂಬ ಅಮೆರಿಕದ ಜೀವವಿಜ್ಞಾನಿ 1966ರಲ್ಲಿ ಈ ಲೆಕ್ಕಾಚಾರವನ್ನು ವಿವರವಾಗಿ ಮಂಡಿಸಿದರು. ನಿಮ್ಮ ಅತ್ತೆಯವರು ಅದನ್ನು ಓದಿರಲಾರರು. ಅಗತ್ಯವೂ ಇರಲಿಲ್ಲ ಅನ್ನಿ.

ಮರ ಕೂತು ಲೆಕ್ಕ ಹಾಕುತ್ತದೆಯೇ? ಇಲ್ಲ. ಎಲೆಯ ಸಕ್ಕರೆ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ದಾರಿಯಲ್ಲಿ. ಆ ದಾರಿಗೆ ಪೆಟ್ಟು ಬಿದ್ದರೆ, ಅಥವಾ ಕೆಳಗೆ ಉಣ್ಣುವ ಬೇರೇ ಕಡಿಮೆಯಾದರೆ, ಸಕ್ಕರೆ ಮೇಲೇ ನಿಲ್ಲುತ್ತದೆ. ಮೇಲೆ ನಿಂತ ಸಕ್ಕರೆ ಹೂವಿಗೆ ದಾರಿ. ಕಾಯಿ ಬಿಡದ ಮರಕ್ಕೆ ನಮ್ಮ ಹಿರಿಯರು ಕತ್ತಿಯಲ್ಲಿ ನಾಲ್ಕು ಕಚ್ಚು ಹಾಕುತ್ತಿದ್ದುದು ಇದನ್ನೇ ಬಳಸಿಕೊಂಡು. ಮರವನ್ನು ಹೆದರಿಸಿ ಹೂ ಬಿಡಿಸುವ ಇನ್ನೊಂದು ದಾರಿ ನೀರು ನಿಲ್ಲಿಸುವುದು. ವಿಜಯಪುರದ ಕಡೆ ದಾಳಿಂಬೆಯವರು ಗಿಡಕ್ಕೆ ನೀರು ನಿಲ್ಲಿಸಿ, ಎಲೆ ಉದುರಿಸಿ, ಆಮೇಲೆ ನೀರು ಬಿಟ್ಟು 'ಬಹಾರ', ಅಂದರೆ ಹೂವಿನ ಹಂಗಾಮು, ಹಿಡಿಯುತ್ತಾರೆ. ಮಾವಿನ ತೋಟದವರು ಬುಡಕ್ಕೆ ಕಲ್ಟಾರ್ ಹಾಕುತ್ತಾರೆ. ಅದು ಗೊಬ್ಬರವಲ್ಲ, ಚಿಗುರು ಬೆಳೆಯದಂತೆ ತಡೆಯುವ ಔಷಧಿ. ಬೆಳವಣಿಗೆ ನಿಂತರೆ ಹೂ ಬರುತ್ತದೆ. ಅಳತೆ ಮೀರಿ ವರ್ಷವರ್ಷವೂ ಹಾಕಿದ ಮರಗಳನ್ನು ನೋಡಿದ್ದೇನೆ, ಕೊಂಬೆ ಗಿಡ್ಡವಾಗಿ ಗಂಟುಕಟ್ಟಿಕೊಂಡು ನಿಂತಿರುತ್ತವೆ.

ಈಗ ತಕರಾರು. ನನ್ನ ಹಲಸಿನ ಕಥೆಯನ್ನು ತರಗತಿಯಲ್ಲಿ ಎಷ್ಟೋ ವರ್ಷ ಹೇಳಿದ ಮೇಲೆ ಒಬ್ಬ ಹುಡುಗ ಎದ್ದು ನಿಂತು, "ಮೇಡಂ, ನಮ್ಮನೆ ಹಲಸು ಒಂದೂ ಕಾಯಿ ಬಿಡದೆ ಸತ್ತೋಯ್ತು, ಅದರ ಕಥೆ ಯಾರೂ ಹೇಳಲ್ಲ" ಅಂದ. ಸರಿಯಾದ ಮಾತು. ಮೈತುಂಬ ಕಾಯಿ ಹೊತ್ತು ಸತ್ತ ಮರವನ್ನು ಊರು ನೆನಪಿಟ್ಟುಕೊಳ್ಳುತ್ತದೆ, ಸುಮ್ಮನೆ ಸತ್ತದ್ದನ್ನು ಸೌದೆ ಮಾಡುತ್ತದೆ. ಮೈತುಂಬ ಬಿಟ್ಟೂ ಸಾಯದ ಮರಗಳು ಇನ್ನೂ ಹೆಚ್ಚು. ಹೋದ ವರ್ಷ ಬೆಳೆ ಕಡಿಮೆಯಿದ್ದು ಸಕ್ಕರೆಯ ಗಂಟು ಉಳಿದಿದ್ದರೂ ಈ ವರ್ಷ ಹೀಗೆ ಬಿಡಬಹುದು.

ಆದ್ದರಿಂದ ಮರವನ್ನೇ ಕೇಳಿ. ತುದಿಕೊಂಬೆ ಬೋಳಾಗಿದೆಯೇ? ಬುಡದಲ್ಲಿ ಅಣಬೆ ಎದ್ದಿದೆಯೇ? ಕಾಂಡದ ತೂತಿನಿಂದ ಹುಡಿ ಉದುರುತ್ತಿದೆಯೇ? ಇತ್ತೀಚೆಗೆ ಬುಡದ ಹತ್ತಿರ ಅಗೆದಿದ್ದೀರಾ? ಯಾವುದೂ ಇಲ್ಲವಾದರೆ ಮರಮುಟ್ಟಿನ ಮಾತು ಬಿಡಿ. ಇಪ್ಪತ್ತು ಮೂವತ್ತು ಗುಜ್ಜೆಯನ್ನು ಎಳೆಯದಾಗಿರುವಾಗಲೇ ಕೊಯ್ದು ಪಲ್ಯ ಮಾಡಿ, ಅಕ್ಕಪಕ್ಕಕ್ಕೂ ಕೊಡಿ. ಮರದ ಭಾರ ಇಳಿಯುತ್ತದೆ.

ಪ್ರ: 'ಬಾಳೆಗೊಂದು ಗೊನೆ, ರಾಗಿಗೊಂದು ತೆನೆ' ಅನ್ನುತ್ತಾರೆ. ಬಾಳೆ ಒಂದೇ ಗೊನೆಗೆ ಯಾಕೆ ಸಾಯಬೇಕು? ತೆಂಗು ಸಾಯುವುದಿಲ್ಲವಲ್ಲ?
(ಪಿಯುಸಿ ವಿದ್ಯಾರ್ಥಿ, ಮದ್ದೂರು)

ಉ: ಅಡುಗೆಮನೆಗೆ ಹೋಗಿ ಬಾಳೆದಿಂಡನ್ನು ನೋಡು. ಬಾಳೆಯ 'ಕಂಬ' ಎನ್ನುವುದು ಕಾಂಡವೇ ಅಲ್ಲ, ಒಂದರೊಳಗೊಂದು ಸುತ್ತಿಕೊಂಡ ಎಲೆಯ ಬುಡಗಳು. ನಿಜವಾದ ಕಾಂಡ ಮಣ್ಣಿನಲ್ಲಿರುವ ಗೆಡ್ಡೆ. ಅದರ ಕುಡಿ ತಿಂಗಳುಗಟ್ಟಲೆ ಎಲೆ ಮಾಡುತ್ತಾ ಇರುತ್ತದೆ. ಒಂದು ದಿನ ಅದೇ ಕುಡಿ ಎಲೆ ಮಾಡುವುದನ್ನು ಬಿಟ್ಟು ಹೂವಾಗುತ್ತದೆ, ಕಂಬದ ನಡುವೆ ಮೇಲೇರಿ ನೆತ್ತಿಯಲ್ಲಿ ಹೊರಬೀಳುತ್ತದೆ. ನಿಮ್ಮಮ್ಮ ನಾರು ತೆಗೆದು ಕೋಸಂಬರಿ ಮಾಡುವ ದಿಂಡು, ಆ ಹೂವಿನ ತೊಟ್ಟು! ಎಳೆಯ ಬಾಳೆಯನ್ನು ಸೀಳಿದರೆ ದಿಂಡು ಸಿಗದಿರುವುದು ಇದಕ್ಕೇ.

ಕುಡಿಯೇ ಹೂವಾಗಿ ಹೋದ ಮೇಲೆ ಹೊಸ ಎಲೆ ಬರುವುದೆಲ್ಲಿಂದ? ಇದ್ದ ಎಲೆಗಳ ದುಡಿಮೆ ಗೊನೆಗೆ ಹೋಗುತ್ತದೆ, ಎಲೆ ಹಣ್ಣಾಗುತ್ತದೆ, ಮುಗಿಯಿತು. ತೆಂಗಿನಲ್ಲಿ ಹೊಂಬಾಳೆ ಬರುವುದು ಗರಿಯ ಕಂಕುಳಿನಿಂದ. ನೆತ್ತಿಯ ಕುಡಿ ತನ್ನ ಪಾಡಿಗೆ ಗರಿ ಬಿಡುತ್ತಲೇ ಇರುತ್ತದೆ. ಅದು ಮನೆ ಮಾರದೆ ಬಾಡಿಗೆಯ ಹಣದಲ್ಲಿ ಬದುಕುವವರ ಲೆಕ್ಕ. ಮಳೆ ಕೈಕೊಟ್ಟ ವರ್ಷ ಒಂದೆರಡು ಹೊಂಬಾಳೆಯನ್ನು ಒಣಗಿಸಿಬಿಡುತ್ತದೆ, ಎಳೆಗಾಯಿಯ ಹರಳು ಉದುರಿಸುತ್ತದೆ, ಮರ ಉಳಿಯುತ್ತದೆ. ಕರಾವಳಿಯ ಶ್ರೀತಾಳೆ ತೆಂಗಿನ ಬಳಗದ್ದೇ ಆದರೂ ಬಾಳೆಯ ದಾರಿ ಹಿಡಿದದ್ದು. ಮೂವತ್ತೋ ಅರವತ್ತೋ ವರ್ಷ ಬರೀ ಗರಿ ಬೆಳೆಸಿಕೊಂಡು ನಿಂತು, ಕೊನೆಗೊಮ್ಮೆ ನೆತ್ತಿಯಲ್ಲಿ ಸಸ್ಯಲೋಕದಲ್ಲೇ ಅತಿ ದೊಡ್ಡ ಹೂಗೊಂಚಲು ಎತ್ತಿ ಸಾಯುತ್ತದೆ.

ಇನ್ನೊಂದು ವಿಷಯ. ಬಾಳೆ ಸತ್ತಿತು ಅನ್ನುವುದೂ ಪೂರ್ತಿ ನಿಜವಲ್ಲ. ಕಂದುಗಳು ಅದೇ ಗೆಡ್ಡೆಯ ಮಕ್ಕಳು, ಬುಡ ಬದುಕಿದೆ. ಒಂದು ತಾಯಿಗೆ ಒಂದೇ ಕಂದು ಬಿಟ್ಟು ಉಳಿದದ್ದನ್ನು ತೆಗೆಯಿರಿ ಎಂದು ನಿಮ್ಮ ಕಡೆಯ ರೈತರು ಹೇಳುವುದು, ಚಿಪ್ಪು ಬಿಟ್ಟು ಮುಗಿದ ಮೇಲೆ ಗೊನೆಯ ತುದಿಯ ಮೂತಿ ಮುರಿಯುವುದು, ಎರಡೂ ಗೊನೆಯ ಪಾಲನ್ನು ಬೇರೆಯವರು ಉಣ್ಣದಿರಲಿ ಎಂದು. ಗಾದೆಯ ರಾಗಿಯ ವಿಷಯಕ್ಕೆ ನನ್ನದೊಂದು ಆಕ್ಷೇಪ ಇದೆ: ರಾಗಿ ತೆಂಡೆ (ಬುಡದಿಂದ ಮರಿಕಾಂಡ) ಹೊಡೆಯುತ್ತದೆ, ತೆಂಡೆಗೊಂದು ತೆನೆ. ಗಾದೆ ಮಾಡಿದವರು ಪ್ರಾಸಕ್ಕೆ ಸೋತಿದ್ದಾರೆ.

ಪ್ರ: ನಾನು ಮಿಜೋರಾಂನಲ್ಲಿ ಡ್ಯೂಟಿಯಲ್ಲಿದ್ದೇನೆ. ಬಿದಿರು ಹೂ ಬಿಟ್ಟರೆ ಬರಗಾಲ ಎಂದು ಇಲ್ಲಿಯ ಹಿರಿಯರು ಹೇಳುತ್ತಾರೆ. ನಮ್ಮೂರಲ್ಲೂ ಅಜ್ಜಿ ಇದೇ ಮಾತು ಹೇಳುತ್ತಿದ್ದಳು. ಇಷ್ಟು ದೂರದ ಎರಡು ಊರಲ್ಲಿ ಒಂದೇ ಮೂಢನಂಬಿಕೆ ಹೇಗೆ?
(ಯೋಧರು, ಊರು ಹಳಿಯಾಳ)

ಉ: ಮೂಢನಂಬಿಕೆ ಅನ್ನಬೇಡಿ. ಅಜ್ಜಿಯದೂ ಅಲ್ಲಿಯ ಹಿರಿಯರದೂ ಕಂಡ ಮಾತು.

ನೀವಿರುವ ಗುಡ್ಡಗಳ ಬಿದಿರನ್ನು ಅಲ್ಲಿಯವರು 'ಮಾವ್' ಅನ್ನುತ್ತಾರೆ. ಅದು ಸುಮಾರು 48 ವರ್ಷಕ್ಕೊಮ್ಮೆ, ಗುಡ್ಡಕ್ಕೆ ಗುಡ್ಡವೇ, ಒಟ್ಟಿಗೆ ಹೂ ಬಿಡುತ್ತದೆ. ಕಾಯಿ ನಮ್ಮ ಬಿದಿರಕ್ಕಿಯ ಹಾಗೆ ಸಣ್ಣದಲ್ಲ, ಪೇರಳೆಯಷ್ಟಿರುತ್ತದೆ. ಇಲಿಗಳಿಗೆ ಸುಗ್ಗಿ. ತಿಂದಷ್ಟೂ ಮರಿ, ಮರಿಗಳಿಗೂ ಮರಿ. ಕಾಯಿ ಮುಗಿದ ಮೇಲೆ ಆ ದಂಡು ಗದ್ದೆಗೆ, ಕಣಜಕ್ಕೆ ನುಗ್ಗುತ್ತದೆ. ಅದೇ 'ಮಾವ್‌ತಾಮ್', ಬಿದಿರಿನ ಬರ. 1959ರ ಬರದಲ್ಲಿ ಸರ್ಕಾರ ತಮ್ಮನ್ನು ಕೈಬಿಟ್ಟಿತು ಎಂಬ ಸಿಟ್ಟು 1966ರ ಮಿಜೋ ಬಂಡಾಯಕ್ಕೆ ಒಂದು ಕಾರಣವಾಯಿತು. 48 ಕೂಡಿ ನೋಡಿ: 2007ರ ಆಸುಪಾಸಿನಲ್ಲಿ ಮತ್ತೆ ಹೂ ಬಂತು, ಮತ್ತೆ ಇಲಿ ಬಂತು.

ಬಿದಿರಿಗೆ ಇದರಲ್ಲಿ ಏನು ಲಾಭ? ಡೇನಿಯಲ್ ಜಾನ್ಜೆನ್ ಎಂಬ ಪರಿಸರವಿಜ್ಞಾನಿ 1976ರಲ್ಲಿ ಕೊಟ್ಟ ಉತ್ತರ ನನಗೆ ಇವತ್ತಿಗೂ ಇಷ್ಟ. ಒಂದು ಮೆಳೆ ಒಂಟಿಯಾಗಿ ಹೂ ಬಿಟ್ಟಿತು ಅಂದುಕೊಳ್ಳಿ. ಇಲಿ, ಕಾಡುಕೋಳಿ, ಹಂದಿ ಸೇರಿ ಒಂದು ಕಾಳನ್ನೂ ಉಳಿಸುವುದಿಲ್ಲ. ಊರಿಗೆ ಊರೇ ಒಂದೇ ದಿನ ಊಟ ಹಾಕಿದರೆ ಉಣ್ಣುವವರ ಹೊಟ್ಟೆ ತುಂಬಿ ಮಿಗುತ್ತದೆ. ಮಿಕ್ಕದ್ದು ಮೊಳೆಯುತ್ತದೆ. ನಡುವಿನ ದಶಕಗಳ ಉಪವಾಸದಲ್ಲಿ ಇಲಿಯ ಸಂಖ್ಯೆ ಬಿದಿರಿನ ಮೇಲೆ ನಿಂತು ಬೆಳೆಯುವ ಹಾಗಿಲ್ಲ. ಹೊತ್ತಿಗೆ ಮುಂಚೆ ಬಿಟ್ಟ ಮೆಳೆಗೂ ತಡವಾಗಿ ಬಿಟ್ಟದ್ದಕ್ಕೂ ವಂಶ ಉಳಿಯದ್ದರಿಂದ ಗಡಿಯಾರ ಬಿಗಿಯಾಗುತ್ತ ಹೋಯಿತು. ಎಷ್ಟು ಬಿಗಿ ಅಂದರೆ, ಸುಮಾರು 120 ವರ್ಷಕ್ಕೊಮ್ಮೆ ಹೂ ಬಿಡುವ ಒಂದು ಬಿದಿರು 1960ರ ದಶಕದಲ್ಲಿ ಜಪಾನಿನಲ್ಲಿ ಬಿಟ್ಟಾಗ, ಅದೇ ಜಾತಿಯನ್ನು ಒಯ್ದು ನೆಟ್ಟಿದ್ದ ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಬಿಟ್ಟಿತು. ನೆಲ ಬೇರೆ, ಹವೆ ಬೇರೆ, ಗಡಿಯಾರ ಮಾತ್ರ ಒಂದೇ.

ಇಷ್ಟೂ ವರ್ಷ ಗೆಡ್ಡೆಯಲ್ಲಿ ಕೂಡಿಟ್ಟದ್ದನ್ನೆಲ್ಲ ಬೀಜಕ್ಕೆ ಹಾಕಿ ಮೆಳೆ ಒಣಗುತ್ತದೆ. ನಿಮ್ಮ ಹಳಿಯಾಳ, ದಾಂಡೇಲಿ ಕಡೆಯ ಹೆಬ್ಬಿದಿರಿನದೂ ಇದೇ ಜಾಯಮಾನ, ಅವಧಿ ನಲವತ್ತರ ಆಸುಪಾಸು. ಬಿದಿರಕ್ಕಿ ಪಾಯಸ ನಾನು ಬದುಕಿನಲ್ಲಿ ಎರಡು ಸಲ ಉಂಡಿದ್ದೇನೆ, ಒಂದು ಲಂಗ ಹಾಕುವ ವಯಸ್ಸಿನಲ್ಲಿ, ಇನ್ನೊಂದು ರಿಟೈರಾಗುವ ಹೊತ್ತಿಗೆ. ಮೂರನೆಯದನ್ನು ಉಣ್ಣುವ ಆಸೆ ಇಲ್ಲ.

ಪ್ರ: ಫಾರಂ ಕೋಳಿ ದಿನಾ ಮೊಟ್ಟೆ ಇಡುತ್ತದೆ. ನಮ್ಮ ನಾಟಿ ಕೋಳಿ ಹನ್ನೆರಡೋ ಹದಿನೈದೋ ಇಟ್ಟು ಕಾವಿಗೆ ಕೂತುಬಿಡುತ್ತದೆ. ನೀರಿಗೆ ಅದ್ದಿದರೂ ಏಳುವುದಿಲ್ಲ. ಅಷ್ಟು ಸೋಮಾರಿಯೇಕೆ?
(ಸ್ವಸಹಾಯ ಸಂಘದ ಸದಸ್ಯೆ, ನಂಜನಗೂಡು)

ಉ: ಸೋಮಾರಿಯೇ! ಇಪ್ಪತ್ತೊಂದು ದಿನ ಸರಿಯಾಗಿ ಕಾಳು ಮುಟ್ಟದೆ, ದಿನಕ್ಕೊಮ್ಮೆ ಎದ್ದು ನಾಲ್ಕು ಗುಟುಕು ನೀರು ಕುಡಿದು ಮತ್ತೆ ಹೋಗಿ ಕೂರುವವಳನ್ನು ಎತ್ತಿ ತೂಗಿ ನೋಡಿ. ಎದೆಮೂಳೆ ಕೈಗೆ ಚುಚ್ಚುತ್ತದೆ. ಆಮೇಲೆ ಎರಡು ತಿಂಗಳು ಮರಿಗಳ ಹಿಂದೆ ಓಡಬೇಕು, ಹದ್ದಿನ ನೆರಳು ಕಂಡರೆ ರೆಕ್ಕೆಯೊಳಗೆ ಸೇರಿಸಿಕೊಳ್ಳಬೇಕು, ಮುಂಗುಸಿಯ ಮುಂದೆ ನಿಲ್ಲಬೇಕು. ಅವಳ ಲೆಕ್ಕ ಮೊಟ್ಟೆಯದಲ್ಲ, ಬದುಕಿ ಉಳಿಯುವ ಮರಿಯದು. ರೆಕ್ಕೆಯಡಿ ಹಿಡಿಸುವುದಕ್ಕಿಂತ ಹೆಚ್ಚು ಮೊಟ್ಟೆ ಇಟ್ಟರೆ ಅಂಚಿನವಕ್ಕೆ ಕಾವು ಸಾಲದೆ ಕೆಡುತ್ತವೆ.

ಫಾರಂ ಕೋಳಿ ವರ್ಷಕ್ಕೆ ಮುನ್ನೂರರ ಮೇಲೆ ಇಡುತ್ತದೆ. ಕಾವಿಗೆ ಕೂರುವ ಗುಣವನ್ನೇ ಮನುಷ್ಯ ಆರಿಸಿ ಆರಿಸಿ ಅದರ ರಕ್ತದಿಂದ ತೆಗೆದುಹಾಕಿದ್ದಾನೆ. ಒಂದು ಮೊಟ್ಟೆಯ ಚಿಪ್ಪಿಗೆ ಹತ್ತಿರ ಹತ್ತಿರ 2 ಗ್ರಾಂ ಸುಣ್ಣದಂಶ ಬೇಕು. ಚಿಪ್ಪು ಕಟ್ಟುವುದು ಹೆಚ್ಚಾಗಿ ರಾತ್ರಿ, ಹೊಟ್ಟೆಯಲ್ಲಿ ಮೇವು ಖಾಲಿಯಾಗಿರುವಾಗ. ಆಗ ಅದು ತನ್ನ ಮೂಳೆಯಿಂದ ಕಡ ತೆಗೆಯುತ್ತದೆ. ಹಗಲು ತಿಂದು ತೀರಿಸುತ್ತದೆ, ಆದರೆ ಸಾಲ ಪೂರ್ತಿ ತೀರುವುದಿಲ್ಲ. ಮೊಟ್ಟೆಯಿಟ್ಟು ಸವೆದ ಫಾರಂ ಕೋಳಿಯನ್ನು ಕಾಲು ಹಿಡಿದು ಎತ್ತಿದರೆ ಮೂಳೆ ಮುರಿಯುವುದು ಇದೇ ಕಾರಣಕ್ಕೆ. ಅದಕ್ಕೆ ಮುಪ್ಪು ಬರುವವರೆಗೆ ಯಾರೂ ಇಟ್ಟುಕೊಳ್ಳುವುದಿಲ್ಲ, ಒಂದೂವರೆ ವರ್ಷ ದಾಟಿದರೆ ಮಾಂಸದಂಗಡಿಗೆ.

ನನ್ನ ಅಮ್ಮ ಎಂಟು ಹೆತ್ತವಳು. ಪ್ರತಿ ಸಲ ಅಜ್ಜಿ ಮೂರು ತಿಂಗಳು ಬಾಣಂತನ ಮಾಡಿ, ಬೆಚ್ಚಗೆ ಇಟ್ಟು, ತುಪ್ಪ ತಿನ್ನಿಸಿ, ಒಂದು ಕೊಡ ನೀರು ಎತ್ತಲು ಬಿಡುತ್ತಿರಲಿಲ್ಲವಂತೆ. ಕೊನೆಯ ಇಬ್ಬರ ಹೊತ್ತಿಗೆ ಅಜ್ಜಿ ಇರಲಿಲ್ಲ. ಅಮ್ಮನ ಸೊಂಟ ಬಗ್ಗಿದ್ದು ಆಮೇಲೆ. ನಿಮ್ಮ ಕೋಳಿಯನ್ನು ನೀರಿಗೆ ಅದ್ದಬೇಡಿ. ಹತ್ತು ಮೊಟ್ಟೆ ಕೊಟ್ಟು ಕತ್ತಲೆ ಮೂಲೆಯಲ್ಲಿ ಕೂರಿಸಿ, ಹತ್ತಿರದಲ್ಲೇ ನೀರೂ ಒಂದು ಹಿಡಿ ರಾಗಿಯೂ ಇಡಿ.

ಪ್ರ: ಸೊಳ್ಳೆ ಮರಿ ತಿನ್ನಲೆಂದು ಶಾಲೆಯ ತೊಟ್ಟಿಗೆ ಹತ್ತು ಗಪ್ಪಿ ಮೀನು ಬಿಟ್ಟೆವು. ಮಳೆಗಾಲ ಕಳೆಯುವಷ್ಟರಲ್ಲಿ ತೊಟ್ಟಿ ತುಂಬಾ ಮೀನು. ಇದಕ್ಕೇನು ಅವಸರ?
(ಶಿಕ್ಷಕರು, ಸಿಂಧನೂರು)

ಉ: ಅವಸರಕ್ಕೆ ಕಾರಣ ಅದರ ತವರಿನಲ್ಲಿದೆ. ಗಪ್ಪಿ ನಮ್ಮ ಮೀನಲ್ಲ. ವೆಸ್ಟ್ ಇಂಡೀಸ್ ಕ್ರಿಕೆಟ್ ನೋಡುವವರಿಗೆ ಗೊತ್ತಿರುವ ಟ್ರಿನಿಡಾಡ್‌ನ ತೊರೆಗಳದ್ದು. ಅಲ್ಲಿ ಜಲಪಾತದ ಕೆಳಗೆ ದೊಡ್ಡ ಮೀನುಗಳಿವೆ, ಬೆಳೆದ ಗಪ್ಪಿಯನ್ನು ನುಂಗುತ್ತವೆ. ಜಲಪಾತದ ಮೇಲೆ ಅಂಥ ಶತ್ರು ಇಲ್ಲ. ನಾಳೆಯ ಭರವಸೆಯಿಲ್ಲದ ಕೆಳಗಿನ ಗಪ್ಪಿ ಬೇಗ ಪ್ರಾಯಕ್ಕೆ ಬಂದು ಸಣ್ಣ ಸಣ್ಣ ಮರಿಗಳನ್ನು ಹೆಚ್ಚು ಹಾಕುತ್ತದೆ, ಮೇಲಿನದ್ದು ನಿಧಾನಕ್ಕೆ ಬೆಳೆದು ದೊಡ್ಡ ಮರಿಗಳನ್ನು ಕಡಿಮೆ ಹಾಕುತ್ತದೆ. 1976ರಲ್ಲಿ ಜಾನ್ ಎಂಡ್ಲರ್ ಎಂಬ ಜೀವವಿಜ್ಞಾನಿ ಕೆಳಗಿನ ಗಪ್ಪಿಗಳನ್ನು ಹಿಡಿದು, ಗಪ್ಪಿಯೂ ಇಲ್ಲದ, ಅಂಥ ಶತ್ರುವೂ ಇಲ್ಲದ ಒಂದು ಮೇಲ್ತೊರೆಗೆ ಬಿಟ್ಟರು. ಹನ್ನೊಂದು ವರ್ಷದ ಮೇಲೆ ಅವರೂ ಡೇವಿಡ್ ರೆಜ್ನಿಕ್ ಅವರೂ ನೋಡುವಾಗ ಆ ಮೀನುಗಳ ಸಂತತಿ ನಿಧಾನದವರ ಹಾದಿ ಹಿಡಿದಿತ್ತು. ಮರಿಗಳನ್ನು ಪ್ರಯೋಗಾಲಯದಲ್ಲಿ ಒಂದೇ ರೀತಿ ಸಾಕಿದರೂ ವ್ಯತ್ಯಾಸ ಉಳಿಯಿತು, ಅಂದರೆ ಗುಣ ರಕ್ತಕ್ಕೆ ಇಳಿದಿತ್ತು.

ಮಕ್ಕಳಿಂದ ಒಂದು ಕೆಲಸ ಮಾಡಿಸಿ: ತೊಟ್ಟಿಯ ಮೀನನ್ನು ಮಳೆ ಬಂದಾಗ ಹಳ್ಳಕ್ಕೆ ಬಿಡದಂತೆ ಕಾವಲು. ನಮ್ಮ ಹಳ್ಳಗಳ ಸಣ್ಣ ಮೀನುಗಳಿಗೆ ಈ ಅತಿಥಿಯ ಕಾಟ ಬೇಡ.

ಪ್ರ: ಬ್ರಹ್ಮಚರ್ಯ ಪಾಲಿಸಿದವರು ದೀರ್ಘಾಯುಷಿಗಳು ಎನ್ನುತ್ತಾರೆ. ನನಗೀಗ ಅರವತ್ತಾರು. ಈಗ ಶುರು ಮಾಡಿದರೆ ಪ್ರಯೋಜನ ಉಂಟೇ?
(ನಿವೃತ್ತ ಬ್ಯಾಂಕ್ ನೌಕರರು, ದಾವಣಗೆರೆ)

ಉ: ಮನೆಯವರನ್ನು ಕೇಳಿ ಬರೆದಿದ್ದೀರೋ ಕೇಳದೆಯೋ ಗೊತ್ತಾಗಲಿಲ್ಲ.

ಪೆಸಿಫಿಕ್ ಸಾಗರದ ಕಡೆಯ ಸಾಲ್ಮನ್ ಮೀನು ಮೊಟ್ಟೆಯಿಡಲು ನದಿಗೆ ಬಂದ ಮೇಲೆ ಉಣ್ಣುವುದನ್ನೇ ಬಿಡುತ್ತದೆ. ಮೈಯೆಲ್ಲ ಕರಗಿ, ಮೊಟ್ಟೆಯಿಟ್ಟ ಕೆಲವೇ ದಿನಗಳಲ್ಲಿ ಸಾಯುತ್ತದೆ. ಅದರಲ್ಲೇ ಕೆರೆಯಲ್ಲಿ ಬದುಕುವ 'ಕೊಕನಿ' ಎಂಬ ಬಗೆಯಿದೆ (ಕೊಂಕಣಿಗೂ ಅದಕ್ಕೂ ನಂಟಿಲ್ಲ). ಸಾಮಾನ್ಯವಾಗಿ ನಾಲ್ಕು ವರ್ಷಕ್ಕೆ ಮುಗಿಯುವ ಈ ಮೀನು ಎಳೆಯದಾಗಿರುವಾಗಲೇ ಅದರ ಬೀಜಕೋಶವನ್ನು ತೆಗೆದು ನೋಡಿದರೆ, ಕೆಲವು ಎಂಟು ವರ್ಷದವರೆಗೆ ಬದುಕಿದವು. ಇದು 1961ರ ಪ್ರಯೋಗ. ಮನುಷ್ಯರದ್ದೂ ಒಂದು ಲೆಕ್ಕ ಇದೆ. ಕೊರಿಯಾದ ಅರಮನೆಯಲ್ಲಿದ್ದ 81 ಮಂದಿ ನಪುಂಸಕ ಸೇವಕರ ವಂಶಾವಳಿಯ ದಾಖಲೆಯನ್ನು ಪರಿಶೀಲಿಸಿದ ಸಂಶೋಧಕರು 2012ರಲ್ಲಿ ಅದನ್ನು ಪ್ರಕಟಿಸಿದರು. ಸರಾಸರಿ ಆಯಸ್ಸು 70. ಅದೇ ಅಂತಸ್ತಿನ ಬೇರೆ ಗಂಡಸರಿಗಿಂತ 14ರಿಂದ 19 ವರ್ಷ ಹೆಚ್ಚು. ಮೂವರು ನೂರು ಮುಟ್ಟಿದ್ದರು.

ಆದರೆ ಗಮನಿಸಿ, ಅವರದ್ದು ವ್ರತವಲ್ಲ. ಎಳೆವಯಸ್ಸಿನಲ್ಲೇ ಬೀಜ ಒಡೆದ ಎತ್ತಿನ ಹಾಗೆ ದೇಹದ ರಸಗಳೇ ಬದಲಾಗಿದ್ದವು. ಅರಮನೆಯಲ್ಲಿದ್ದರೆಂಬ ಕಾರಣವೊಂದೇ ಸಾಲದು, ಅದೇ ಅರಮನೆಯ ರಾಜರು ಅಷ್ಟು ಕಾಲ ಬದುಕಲಿಲ್ಲ. ದೇಹಕ್ಕೆ ನಿಮ್ಮ ಸಂಕಲ್ಪ ತಿಳಿಯುವುದಿಲ್ಲ. ಅದು ತನ್ನ ಗಂಟಿನಿಂದ ಮಾಡಬೇಕಾದ ಖರ್ಚನ್ನು ಹದಿನಾರನೇ ವಯಸ್ಸಿನಿಂದಲೇ ಮಾಡಿಕೊಂಡು ಬಂದಿದೆ, ನೀವು ಹೂಂ ಅಂದರೂ ಊಹೂಂ ಅಂದರೂ. ಅರವತ್ತಾರರಲ್ಲಿ ಹಿಡಿಯುವ ವ್ರತ ಬೇಕೇ ಬೇಕೆಂದಿದ್ದರೆ ಬೆಣ್ಣೆದೋಸೆಯ ಮೇಲಿನ ಬೆಣ್ಣೆಯದ್ದು ಹಿಡಿಯಿರಿ. ದಾವಣಗೆರೆಯಲ್ಲಿ ಅದು ಇದಕ್ಕಿಂತ ಕಷ್ಟ ಎಂದು ಬಲ್ಲೆ.